ಕಾಮಾಲೆ ಇಳಿಯಿತು, ಇಳಿಸಿದ್ದು ಯಾರು?

ನನಗೆ ಹನ್ನೊಂದು ವರ್ಷವಿದ್ದಾಗ ಕಾಮಾಲೆ ಆಗಿತ್ತು. ಜುಲೈ ತಿಂಗಳು, ಮಲೆನಾಡಿನ ಮಳೆ. ಕಣ್ಣಿನ ಬಿಳಿ ಪೂರ್ತಿ ಹಳದಿ. ಅನ್ನ ಬೇಯುವ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಅಜ್ಜಿ ದಿನಾ ಬೆಳಿಗ್ಗೆ ತೋಟದ ಅಂಚಿಗೆ ಹೋಗಿ ನೆಲನೆಲ್ಲಿ ಗಿಡಗಳನ್ನು ಬೇರು ಸಮೇತ ಕಿತ್ತು ತರುತ್ತಿದ್ದರು. ಮೂರು ನೀರಲ್ಲಿ ತೊಳೆದು, ಒರಳಲ್ಲಿ ನುಣ್ಣಗೆ ಅರೆದು, ಸಣ್ಣ ಉಂಡೆ ಮಾಡಿ ಮಜ್ಜಿಗೆಗೆ ಕದಡಿ ಬರೀ ಹೊಟ್ಟೆಗೆ ಕುಡಿಸುತ್ತಿದ್ದರು. ಲೋಟದ ತಳದಲ್ಲಿ ಉಳಿದ ಹಸಿರು ಗಸಿಯನ್ನೂ ಬಿಡುವಂತಿರಲಿಲ್ಲ. ಅದಕ್ಕೆ ಇನ್ನಷ್ಟು ಮಜ್ಜಿಗೆ ಹಾಕಿ, ಅಲುಗಾಡಿಸಿ, ಅದನ್ನೂ ಕುಡಿಸುತ್ತಿದ್ದರು. ಪಥ್ಯ ಬೇರೆ. ಎಣ್ಣೆ ಇಲ್ಲ, ಖಾರ ಇಲ್ಲ, ಒಗ್ಗರಣೆ ಇಲ್ಲ. ಮೂರು ವಾರಕ್ಕೆ ಕಣ್ಣು ತಿಳಿಯಾಯಿತು. "ನೆಲನೆಲ್ಲಿ ಇಳಿಸ್ತು ನೋಡು" ಎಂದರು ಅಜ್ಜಿ.

ನಾನು ಗುಣವಾದದ್ದು ನಿಜ. ನೆಲನೆಲ್ಲಿ ಕುಡಿದದ್ದೂ ನಿಜ. ಆದರೆ "ಅದರಿಂದಲೇ" ಗುಣವಾಯಿತು ಅಂತೀವಲ್ಲ, ಆ "ಅದರಿಂದಲೇ" ಎನ್ನುವ ಮಾತನ್ನು ಸಾಬೀತು ಮಾಡುವುದು ತುಂಬ ಕಷ್ಟದ ಕೆಲಸ. ಆಯುರ್ವೇದ, ಯೋಗ, ನಾಟಿ ಮದ್ದು, ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಇವುಗಳನ್ನು ಆಸ್ಪತ್ರೆಯ ಮದ್ದಿನ ಜೊತೆಗೆ ತೆಗೆದುಕೊಂಡರೆ ಪೂರಕ ಚಿಕಿತ್ಸೆ ಎನ್ನುತ್ತಾರೆ, ಅದರ ಬದಲಿಗೆ ತೆಗೆದುಕೊಂಡರೆ ಪರ್ಯಾಯ ಚಿಕಿತ್ಸೆ. ಹೆಸರು ಯಾವುದೇ ಇರಲಿ, ಇವುಗಳ ಮೇಲೆ ನಡೆಯುವ ಸಂಶೋಧನೆಯೆಲ್ಲ ಆ ಒಂದು ಮಾತಿನ ಸುತ್ತಲೇ ನಡೆಯುತ್ತದೆ.

ಮೊದಲು ಕಾಮಾಲೆಯನ್ನೇ ನೋಡೋಣ. ನಮ್ಮಲ್ಲಿ ಕಾಮಾಲೆ, ಅರಿಶಿನ ಕಾಮಾಲೆ, ಉತ್ತರ ಕರ್ನಾಟಕದಲ್ಲಿ ಕಾಮಣಿ ಅಂತ ಕರೆಯುವುದು ಒಂದು ರೋಗವನ್ನಲ್ಲ, ಒಂದು ಲಕ್ಷಣವನ್ನು. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ಪದಾರ್ಥ ಹುಟ್ಟುತ್ತದೆ. ಲಿವರ್ ಅದನ್ನು ಹಿಡಿದು ಪಿತ್ತದ ಜೊತೆ ಕರುಳಿಗೆ ಕಳಿಸುತ್ತದೆ. ಈ ದಾರಿಯಲ್ಲಿ ಎಲ್ಲಿ ತೊಡಕಾದರೂ ಹಳದಿ ರಕ್ತದಲ್ಲೇ ಉಳಿದು ಕಣ್ಣಿಗೆ, ಚರ್ಮಕ್ಕೆ ಬರುತ್ತದೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ, ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ, ಇಲಿಜ್ವರ, ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲು, ಕುಡಿತ, ಮೇದೋಜೀರಕ ಗ್ರಂಥಿಯ ಗಡ್ಡೆ. ಎಲ್ಲದಕ್ಕೂ ಕಣ್ಣು ಒಂದೇ ತರ ಹಳದಿ.

ಇವುಗಳಲ್ಲಿ ಮಕ್ಕಳಿಗೆ ಜಾಸ್ತಿ ಬರುವುದು ಹೆಪಟೈಟಿಸ್ ಎ. ಅದು ಬಹುಪಾಲು ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಏನೂ ಕೊಡದಿದ್ದರೂ ಇಳಿಯುತ್ತದೆ. ಹಾಗಾಗಿ ಎರಡನೇ ವಾರದಲ್ಲಿ ಯಾರು ಮದ್ದು ಕೊಟ್ಟರೋ ಅವರಿಗೆ ಹೆಸರು. ನಾಟಿ ವೈದ್ಯರು ಕೊಟ್ಟರೆ ನಾಟಿ ಮದ್ದಿಗೆ, ಮುಂಗೈಗೆ ಬರೆ ಹಾಕಿದರೆ ಬರೆಗೆ, ಪೇಟೆಯ ಡಾಕ್ಟರ್ ವಿಟಮಿನ್ ಮಾತ್ರೆ ಬರೆದರೆ ಮಾತ್ರೆಗೆ. ಯಾರೂ ಸುಳ್ಳು ಹೇಳುತ್ತಿಲ್ಲ. ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ.

ಮೊಣಕಾಲು ನೋವು, ಸೊಂಟ ನೋವು, ಮೈಗ್ರೇನ್ ಇವುಗಳಲ್ಲೂ ಇದೇ ಕತೆ, ಸ್ವಲ್ಪ ಬೇರೆ ರೀತಿಯಲ್ಲಿ. ಇವು ಏರುತ್ತವೆ, ಇಳಿಯುತ್ತವೆ. ನೋವು ತೀರಾ ಏರಿದಾಗಲೇ ಅಲ್ವಾ ನಾವು ಹೊಸ ವೈದ್ಯರನ್ನು ಹುಡುಕಿಕೊಂಡು ಹೋಗುವುದು? ಅಷ್ಟು ಏರಿದ ಮೇಲೆ ಅದು ಇಳಿಯಲೇಬೇಕು.

ಹಾಗಾದರೆ ಮದ್ದಿನ ಪಾಲು ಎಷ್ಟು, ಕಾಲದ ಪಾಲು ಎಷ್ಟು ಅಂತ ಬೇರ್ಪಡಿಸುವುದು ಹೇಗೆ? ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಯಾರು ಯಾವ ಗುಂಪಿಗೆ ಎನ್ನುವುದನ್ನು ವೈದ್ಯರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ. ಆರಿಸಲು ಬಿಟ್ಟರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಸೇರಿಬಿಡಬಹುದು. ಒಂದು ಗುಂಪಿಗೆ ಮದ್ದು. ಇನ್ನೊಂದಕ್ಕೆ ನೋಡಲು, ನುಂಗಲು ಅದೇ ತರ ಇರುವ, ಒಳಗೆ ಮದ್ದೇ ಇಲ್ಲದ ಹುಸಿಮದ್ದು. ಡಾಕ್ಟರುಗಳು ಇದನ್ನು ಪ್ಲಸೀಬೊ ಎನ್ನುತ್ತಾರೆ. ಕಾಲ ಇಬ್ಬರಿಗೂ ಒಂದೇ, ಪಥ್ಯ ಒಂದೇ, ನಂಬಿಕೆಯೂ ಒಂದೇ. ಕೊನೆಗೆ ಎರಡು ಗುಂಪಿನ ನಡುವೆ ವ್ಯತ್ಯಾಸ ಉಳಿದರೆ ಅದು ಮದ್ದಿನದ್ದು.

ನೆಲನೆಲ್ಲಿಗೆ ಇಂಥ ಪರೀಕ್ಷೆ ನಿಜಕ್ಕೂ ನಡೆದಿದೆ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಅಮೆರಿಕದ ಬರೂಕ್ ಬ್ಲಂಬರ್ಗ್ ನಮ್ಮ ಈ ಗಿಡದ ಬಗ್ಗೆ ಆಸಕ್ತಿ ತಳೆದಿದ್ದರು. ಮದ್ರಾಸಿನ ತ್ಯಾಗರಾಜನ್ ಮತ್ತು ಬ್ಲಂಬರ್ಗ್ ಸೇರಿದ್ದ ತಂಡ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿತು. ಅವರು ಆರಿಸಿಕೊಂಡದ್ದು ಕಾಮಾಲೆ ಬಂದವರನ್ನಲ್ಲ, ಹೆಪಟೈಟಿಸ್ ಬಿ ವೈರಸ್ ಮೈಯಲ್ಲೇ ಉಳಿದುಬಿಟ್ಟವರನ್ನು. ಇದು ಜಾಣ ಆಯ್ಕೆ. ಆ ವೈರಸ್ ಹಾಗೆ ಬೇರೂರಿದ ಮೇಲೆ ತಾನಾಗಿಯೇ ಹೋಗುವುದು ಬಹಳ ಅಪರೂಪ. ಹೋದರೆ ಕಾಲದ ಕೈವಾಡ ಎನ್ನಲಾಗದು. ಒಂದು ಗುಂಪಿಗೆ 30 ದಿನ ನೆಲನೆಲ್ಲಿ ಪುಡಿ ತುಂಬಿದ ಕ್ಯಾಪ್ಸೂಲ್, ಇನ್ನೊಂದಕ್ಕೆ ಹುಸಿ ಕ್ಯಾಪ್ಸೂಲ್. ಚಿಕಿತ್ಸೆ ಮುಗಿದು ಎರಡು ಮೂರು ವಾರಕ್ಕೆ ರಕ್ತ ನೋಡಿದರೆ, ನೆಲನೆಲ್ಲಿ ತೆಗೆದುಕೊಂಡ 37 ಜನರಲ್ಲಿ 22 ಮಂದಿಯಲ್ಲಿ ವೈರಸ್ಸಿನ ಗುರುತು ಇರಲಿಲ್ಲ. ಶೇ. 59. ಹುಸಿಮದ್ದಿನವರಲ್ಲಿ 23ಕ್ಕೆ ಒಬ್ಬರು.

ಇಂಥ ಫಲಿತಾಂಶ ಕಂಡರೆ ಯಾರಿಗಾದರೂ ಮೈ ಜುಮ್ಮೆನ್ನಬೇಕು. ಹಿತ್ತಲಿನ ಕಳೆಗಿಡ, ಪುಕ್ಕಟೆ ಸಿಗುವಂಥದ್ದು, ಲಕ್ಷಾಂತರ ಜನರ ಲಿವರ್ ಉಳಿಸಬಹುದು ಎನ್ನುವ ಆಸೆ ಹುಟ್ಟಿತು. ಹಲವು ದೇಶಗಳಲ್ಲಿ ಇದನ್ನೇ ಮತ್ತೆ ಮಾಡಿ ನೋಡಿದರು. ಥಾಯ್ಲೆಂಡಿನಲ್ಲಿ ಫಲ ಸಿಗಲಿಲ್ಲ. ನ್ಯೂಜಿಲೆಂಡಿನಲ್ಲೂ ಸಿಗಲಿಲ್ಲ. ಜಗತ್ತಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಎಂಬ ಸಂಸ್ಥೆ 2011ರಲ್ಲಿ 16 ಪ್ರಯೋಗಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಹುಸಿಮದ್ದಿನ ಜೊತೆ ಹೋಲಿಸಿದ್ದು ಒಂದೇ ಒಂದು. ನೆಲನೆಲ್ಲಿಯನ್ನು ಚಿಕಿತ್ಸೆಯಾಗಿ ಒಪ್ಪಲು ಈ ಪುರಾವೆ ಸಾಲದು ಎಂಬುದು ಅವರ ತೀರ್ಮಾನ.

ಹಾಗಾದರೆ ಮದ್ರಾಸಿನವರು ಕಂಡದ್ದು ಏನು? ಒಂದಲ್ಲ, ಹಲವು ಕಾರಣ ಇರಬಹುದು. ಮೊದಲನೆಯದು, ಸಂಖ್ಯೆ ಸಣ್ಣದು. 37 ಮತ್ತು 23 ಸಮ ಇಲ್ಲ ಎನ್ನುವುದನ್ನೂ ಗಮನಿಸಿ. ಹೀಗೆ ಗುಂಪುಗಳು ಏರುಪೇರಾಗಿ ಕಂಡಾಗಲೆಲ್ಲ, ಮಧ್ಯದಲ್ಲಿ ಬಿಟ್ಟುಹೋದವರು ಎಷ್ಟು, ಯಾಕೆ ಬಿಟ್ಟರು ಅಂತ ಓದುವವರು ಕೇಳಬೇಕು. ಎರಡನೆಯದು ಗಿಡ. ಮಾತ್ರೆ ಎಲ್ಲಿ ಮಾಡಿದರೂ ಒಂದೇ. ಗಿಡ ಹಾಗಲ್ಲ. ಯಾವ ಮಣ್ಣು, ಯಾವ ಕಾಲದಲ್ಲಿ ಕಿತ್ತದ್ದು, ನೆರಳಲ್ಲಿ ಒಣಗಿಸಿದ್ದೋ ಬಿಸಿಲಲ್ಲೋ, ಎಲ್ಲದರ ಮೇಲೂ ಒಳಗಿನ ಸತ್ವ ಬದಲಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಗುರುತಿನದ್ದು. ನೆಲನೆಲ್ಲಿ ಎನ್ನುವ ಒಂದೇ ಹೆಸರಿನಲ್ಲಿ ನಮ್ಮ ಜನ ಕೀಳುವ ಗಿಡಗಳು ಮೂರು ನಾಲ್ಕು ಇವೆ. ಎಲ್ಲದರ ಎಲೆಯ ಕೆಳಗೂ ಪುಟ್ಟ ಕಾಯಿಗಳ ಸಾಲು. ಒಂದರ ಕಾಂಡ ಹಸಿರು, ಕಾಯಿ ನುಣುಪು, ಸಣ್ಣ ತೊಟ್ಟು ಇರುತ್ತದೆ. ಇನ್ನೊಂದರ ಕಾಂಡಕ್ಕೆ ಕೆಂಪು ಛಾಯೆ, ಕಾಯಿ ಒರಟು, ತೊಟ್ಟಿಲ್ಲದೆ ಕಡ್ಡಿಗೇ ಅಂಟಿಕೊಂಡಿರುತ್ತದೆ. ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಬಗ್ಗಿ, ಎಲೆ ಮಗುಚಿ ನೋಡಬೇಕು.

ಆದ್ದರಿಂದಲೇ ಸಂಶೋಧನೆಯಲ್ಲಿ ಒಂದು ಸಲದ ಗೆಲುವನ್ನು ಗೆಲುವು ಎನ್ನುವುದಿಲ್ಲ. ಬೇರೆ ಕೈಗಳಲ್ಲಿ, ಬೇರೆ ಊರಲ್ಲಿ ಮತ್ತೆ ಅದೇ ಫಲ ಬರಬೇಕು.

ಹುಸಿಮದ್ದು ಮಾಡುವುದೇ ಕಷ್ಟ

ಹುಸಿಮದ್ದು ಯಾಕೆ ಇಷ್ಟು ಮುಖ್ಯ ಎನ್ನುವುದಕ್ಕೆ 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಆಸ್ತಮಾ ಇರುವ 39 ಜನ. ಒಬ್ಬೊಬ್ಬರಿಗೂ ಸರದಿಯ ಮೇಲೆ ನಾಲ್ಕು ಬಗೆ: ನಿಜವಾದ ಇನ್‌ಹೇಲರ್, ಮದ್ದಿಲ್ಲದ ಇನ್‌ಹೇಲರ್, ಹುಸಿ ಅಕ್ಯುಪಂಕ್ಚರ್, ಮತ್ತು ಏನೂ ಕೊಡದೆ ಸುಮ್ಮನೆ ಕೂರಿಸುವುದು. ಪ್ರತಿ ಸಲ ಎರಡು ವಿಷಯ ನೋಡಿದರು. ಉಸಿರು ಊದುವ ಯಂತ್ರ ಏನು ಹೇಳುತ್ತದೆ? ರೋಗಿ ಏನು ಹೇಳುತ್ತಾರೆ?

ಯಂತ್ರದ ಲೆಕ್ಕದಲ್ಲಿ ನಿಜವಾದ ಇನ್‌ಹೇಲರ್ ಕೊಟ್ಟಾಗ ಉಸಿರಿನ ಬಲ ಶೇ. 20ರಷ್ಟು ಏರಿತು. ಉಳಿದ ಮೂರರಲ್ಲೂ ಸುಮಾರು ಶೇ. 7 ಮಾತ್ರ. ಆದರೆ ರೋಗಿಗಳ ಮಾತು ಕೇಳಿ. ನಿಜವಾದ ಇನ್‌ಹೇಲರಿನಿಂದ ಶೇ. 50ರಷ್ಟು ಸುಧಾರಿಸಿತು ಎಂದರು. ಮದ್ದಿಲ್ಲದ್ದರಿಂದ ಶೇ. 45, ಹುಸಿ ಸೂಜಿಯಿಂದ ಶೇ. 46. ಏನೂ ಕೊಡದಿದ್ದಾಗ ಶೇ. 21. ಎದೆ ಹಗುರಾದದ್ದು ಅವರಿಗೆ ನಿಜವಾದ ಅನುಭವ. ಶ್ವಾಸನಾಳ ಮಾತ್ರ ಹಾಗೇ ಬಿಗಿದುಕೊಂಡಿತ್ತು. ರಾತ್ರಿ ಎರಡು ಗಂಟೆಗೆ ಉಬ್ಬಸ ಬಂದವರಿಗೆ ಈ ವ್ಯತ್ಯಾಸ ಜೀವದ ಪ್ರಶ್ನೆ.

ನೋವಿನ ವಿಷಯದಲ್ಲಿ ಚಿತ್ರ ಬೇರೆ. ಅಲ್ಲಿ ರೋಗಿ ಹೇಳುವುದೇ ಅಳತೆ. ಜರ್ಮನಿಯಲ್ಲಿ ಹಳೆಯ ಸೊಂಟನೋವಿನ 1,162 ಜನರ ಮೇಲೆ ನಡೆದ ಅಕ್ಯುಪಂಕ್ಚರ್ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಶಾಸ್ತ್ರೋಕ್ತ ಜಾಗಗಳಲ್ಲಿ ಸೂಜಿ. ಇನ್ನೊಂದಕ್ಕೆ ಶಾಸ್ತ್ರದಲ್ಲಿ ಇಲ್ಲದ ಜಾಗಗಳಲ್ಲಿ, ಮೇಲೆ ಮೇಲೆ ಚುಚ್ಚಿದ ಸೂಜಿ. ಮೂರನೆಯದಕ್ಕೆ ಮಾಮೂಲಿ ಮಾತ್ರೆ, ವ್ಯಾಯಾಮ. ಆರು ತಿಂಗಳ ನಂತರ ಸುಧಾರಿಸಿದವರು ಕ್ರಮವಾಗಿ ಶೇ. 47.6, ಶೇ. 44.2, ಶೇ. 27.4. ಈ ಮೂರು ಅಂಕಿಗಳನ್ನು ಹಿಡಿದುಕೊಂಡು ಇಂದಿಗೂ ವಾದ ನಡೆಯುತ್ತಿದೆ. ಅಕ್ಯುಪಂಕ್ಚರ್ ಮಾಮೂಲಿ ಚಿಕಿತ್ಸೆಗಿಂತ ಒಳ್ಳೆಯದು ಅಂತ ಒಬ್ಬರು. ಎಲ್ಲಿ ಚುಚ್ಚಿದರೂ ಒಂದೇ ಅಂದಮೇಲೆ ಶಾಸ್ತ್ರದ ನಾಡಿಬಿಂದುಗಳಿಗೆ ಅರ್ಥವೇನು ಅಂತ ಇನ್ನೊಬ್ಬರು. ನನ್ನ ಮಟ್ಟಿಗೆ ಎರಡೂ ಸರಿ. ಸೂಜಿ ಹಾಕಿಸಿಕೊಳ್ಳುವುದರಿಂದ, ಅಷ್ಟು ಹೊತ್ತು ಒಬ್ಬರು ನಮ್ಮನ್ನು ಗಮನವಿಟ್ಟು ನೋಡಿಕೊಳ್ಳುವುದರಿಂದ ನೋವು ಕಡಿಮೆ ಆಗುತ್ತದೆ. ಬಿಂದುವಿನ ಸಿದ್ಧಾಂತಕ್ಕೆ ಮಾತ್ರ ಆಧಾರ ಸಿಗಲಿಲ್ಲ.

ಸೂಜಿಗೆ ಹುಸಿ ಮಾಡುವುದಕ್ಕೂ ತುಂಬ ತಲೆ ಓಡಿಸಿದ್ದಾರೆ. ಜರ್ಮನಿಯ ಸ್ಟ್ರೈಟ್‌ಬರ್ಗರ್ 1998ರಲ್ಲಿ ನಾಟಕದ ಚೂರಿಯಂಥ ಸೂಜಿ ಮಾಡಿದರು. ಒತ್ತಿದರೆ ತನ್ನ ಹಿಡಿಯೊಳಗೇ ಸರಿಯುತ್ತದೆ. ಚರ್ಮಕ್ಕೆ ತಾಗಿದ್ದು ಗೊತ್ತಾಗುತ್ತದೆ, ಒಳಗೆ ಹೋಗುವುದಿಲ್ಲ.

ಸರಿ, ಪ್ರಾಣಾಯಾಮಕ್ಕೆ ಹುಸಿ ಹೇಗೆ ಮಾಡುತ್ತೀರಿ? ಬೆಂಗಳೂರಿನ ನಾಗರತ್ನ ಮತ್ತು ನಾಗೇಂದ್ರ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಆಸ್ತಮಾ ಮತ್ತು ಯೋಗದ ಬಗ್ಗೆ ಬರೆದರು. ಯೋಗ ಕಲಿತು ದಿನಕ್ಕೆ 65 ನಿಮಿಷ ಮಾಡಿದ 53 ಜನ. ವಯಸ್ಸು, ರೋಗದ ತೀವ್ರತೆ ಹೊಂದುವ, ತಮ್ಮ ಮಾಮೂಲಿ ಮದ್ದನ್ನೇ ಮುಂದುವರಿಸಿದ ಬೇರೆ 53 ಜನ. ಯೋಗದವರಲ್ಲಿ ಉಬ್ಬಸ ಬರುವುದು ಕಡಿಮೆಯಾಯಿತು, ಮದ್ದಿನ ಪ್ರಮಾಣವೂ ಇಳಿಯಿತು. ನಮ್ಮ ನೆಲದಲ್ಲಿ ಅಷ್ಟು ಹಿಂದೆಯೇ ಇಂಥ ಕೆಲಸ ನಡೆದದ್ದು ಹೆಮ್ಮೆಯ ವಿಷಯ. ಆದರೆ ತಾನು ಯೋಗ ಮಾಡುತ್ತಿದ್ದೇನೆ ಎನ್ನುವುದು ಮಾಡುವವರಿಗೆ ಗೊತ್ತೇ ಇರುತ್ತದಲ್ಲ. ಹುಸಿಮದ್ದಿನ ಪ್ರಶ್ನೆ ಹಾಗೇ ಉಳಿಯಿತು.

ಇದಕ್ಕೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ತಂಡ 1990ರಲ್ಲಿ ಚೆಂದದ ಉಪಾಯ ಮಾಡಿತು. ಪಿಂಕ್ ಸಿಟಿ ಎಂಬ ಹೆಸರಿನ ಒಂದು ಉಸಿರಾಟದ ಉಪಕರಣ ಇತ್ತು. ಅದರ ಮೂಲಕ ಉಸಿರಾಡಿದರೆ ಪ್ರಾಣಾಯಾಮದ ಹಾಗೆ ಉಸಿರು ತಾನೇ ನಿಧಾನವಾಗುತ್ತದೆ, ಒಳಗೆ ಎಳೆದುಕೊಂಡದ್ದರ ಎರಡು ಪಟ್ಟು ಹೊತ್ತು ಹೊರಗೆ ಬಿಡುವಂತಾಗುತ್ತದೆ. ಇದರ ತದ್ರೂಪಿ ಇನ್ನೊಂದು ಮಾಡಿದರು. ನೋಡಲು ಅದೇ, ಆದರೆ ಉಸಿರಿನ ಗತಿಯನ್ನು ತಿದ್ದುವುದಿಲ್ಲ. ಸೌಮ್ಯ ಆಸ್ತಮಾದ 18 ಜನರಿಗೆ ಸರದಿಯಂತೆ ಎರಡನ್ನೂ ಕೊಟ್ಟರು. ಆಮೇಲೆ ಶ್ವಾಸನಾಳವನ್ನು ಕೆರಳಿಸುವ ಹಿಸ್ಟಮೀನ್ ಅನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು, ಎಷ್ಟಕ್ಕೆ ಉಸಿರು ಬಿಗಿಯುತ್ತದೆ ಎಂದು ಅಳೆದರು. ನಿಜವಾದ ಉಪಕರಣ ಬಳಸಿದ ಮೇಲೆ ಕೆರಳಿಸಲು ಜಾಸ್ತಿ ಹಿಸ್ಟಮೀನ್ ಬೇಕಾಯಿತು. ಹುಸಿಯಲ್ಲಿ ಆ ಬದಲಾವಣೆ ಇರಲಿಲ್ಲ. ಸಣ್ಣ ಪ್ರಯೋಗ, ಸಣ್ಣ ಫಲ. ಆದರೂ ಪ್ರಾಣಾಯಾಮವನ್ನು ಪರೀಕ್ಷಿಸಲು ಬರುವುದೇ ಇಲ್ಲ ಎನ್ನುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

ಆಯುರ್ವೇದದವರು ಎತ್ತುವ ಇನ್ನೊಂದು ಆಕ್ಷೇಪ ತೂಕದ್ದು. "ನಾವು ರೋಗಕ್ಕೆ ಮದ್ದು ಕೊಡುವುದಿಲ್ಲ, ರೋಗಿಗೆ ಕೊಡುತ್ತೇವೆ. ವಾತದ ಪ್ರಕೃತಿಗೆ ಒಂದು, ಪಿತ್ತದ ಪ್ರಕೃತಿಗೆ ಒಂದು. ಎಲ್ಲರಿಗೂ ಒಂದೇ ಕ್ಯಾಪ್ಸೂಲ್ ಕೊಟ್ಟು ಪರೀಕ್ಷಿಸಿದರೆ ಅದು ಆಯುರ್ವೇದವೇ ಅಲ್ಲ." ಇದಕ್ಕೆ ಕೊಯಮತ್ತೂರಿನಲ್ಲಿ ಉತ್ತರ ಹುಡುಕಿದರು. ರುಮಟಾಯ್ಡ್ ಸಂಧಿವಾತದ 43 ರೋಗಿಗಳು, ಮೂರು ಗುಂಪು. ಮೊದಲನೆಯದಕ್ಕೆ ಆಯುರ್ವೇದ ಮತ್ತು ಹುಸಿ ಮೆಥೋಟ್ರೆಕ್ಸೇಟ್ (ಈ ರೋಗಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮದ್ದು). ಎರಡನೆಯದಕ್ಕೆ ನಿಜವಾದ ಮೆಥೋಟ್ರೆಕ್ಸೇಟ್ ಮತ್ತು ಹುಸಿ ಆಯುರ್ವೇದ. ಮೂರನೆಯದಕ್ಕೆ ಎರಡೂ ನಿಜ. ವೈದ್ಯರು ಒಬ್ಬೊಬ್ಬ ರೋಗಿಯನ್ನೂ ಪರೀಕ್ಷಿಸಿ ಅವರಿಗೆ ತಕ್ಕ ಮದ್ದು ಬರೆಯುತ್ತಿದ್ದರು. ರೋಗಿಯ ಕೈಗೆ ಸಿಗುವುದು ನಿಜವೋ ಹುಸಿಯೋ ವೈದ್ಯರಿಗೂ ತಿಳಿಯದು. 36 ವಾರ ಕಳೆದ ಮೇಲೆ ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ತರ ಸುಧಾರಿಸಿದ್ದವು. 2011ರಲ್ಲಿ ವರದಿ ಬಂತು. 43 ಜನರಿಂದ ಕೊನೆಯ ಮಾತು ಹೇಳಲಾಗದು, ಅವರೂ ಅದನ್ನು ಪ್ರಾಥಮಿಕ ಅಧ್ಯಯನ ಎಂದೇ ಕರೆದರು. ಆದರೆ ವೈದ್ಯರ ಪದ್ಧತಿಯನ್ನು ಮುರಿಯದೆಯೇ ಪರೀಕ್ಷೆ ಮಾಡಬಹುದು ಎಂದು ತೋರಿಸಿದರು. ಇದರ ಹತ್ತು ಪಟ್ಟು ದೊಡ್ಡ ಪ್ರಯೋಗ ನಮ್ಮ ದೇಶದಲ್ಲೇ ಆಗಬೇಕು ಎನ್ನುವುದು ನನ್ನ ಬಲವಾದ ಆಸೆ.

ಗೆದ್ದ ಗಿಡಗಳು, ನೋಯಿಸಿದ ಗಿಡಗಳು

ಪರೀಕ್ಷೆಯಲ್ಲಿ ಗೆದ್ದವು ಇವೆ. ಸರ್ಪಗಂಧದ ಬೇರನ್ನು ನಮ್ಮಲ್ಲಿ ಹಿಂದಿನಿಂದಲೂ ಹುಚ್ಚು ಬಿಡಿಸಲು, ನಿದ್ದೆಗೆ ಬಳಸುತ್ತಿದ್ದರು. ಬೊಂಬಾಯಿಯ ಹೃದ್ರೋಗ ತಜ್ಞ ರುಸ್ತುಂ ಜಲ್ ವಕೀಲ್ ಅದನ್ನು ರಕ್ತದೊತ್ತಡದ 50 ರೋಗಿಗಳಿಗೆ ಕೊಟ್ಟು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದಾಗ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ರಕ್ತದೊತ್ತಡಕ್ಕೆ ಅದು ಆ ಕಾಲದ ದೊಡ್ಡ ಮದ್ದು. ಚೀನಾದ ವಿಜ್ಞಾನಿ ತು ಯೂಯೂ ಅವರ ಕತೆ ಇನ್ನೂ ಸೊಗಸು. ಮಲೇರಿಯಾಗೆ ಮಾಚಿಪತ್ರೆಯ ಜಾತಿಯ ಒಂದು ಗಿಡವನ್ನು ಕುದಿಸಿ ನೋಡಿದರೆ ಫಲ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. 4ನೇ ಶತಮಾನದ ಒಂದು ಕೈಪಿಡಿಯಲ್ಲಿ, ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಿರಿ ಅಂತ ಇತ್ತು. ಕುದಿಸುವ ಮಾತೇ ಇಲ್ಲ. ಬಿಸಿಯೇ ಸತ್ವ ಕೆಡಿಸುತ್ತಿರಬಹುದು ಎಂದು ಅವರಿಗೆ ಹೊಳೆಯಿತು. ಕಡಿಮೆ ಶಾಖದಲ್ಲಿ ಈಥರ್ ಬಳಸಿ ತೆಗೆದ ಸಾರ 1971ರ ಅಕ್ಟೋಬರಿನಲ್ಲಿ ಇಲಿಗಳ ಮಲೇರಿಯಾವನ್ನು ಪೂರ್ತಿ ಅಳಿಸಿತು. ಆ ಸಾರದಿಂದ ಬೇರ್ಪಡಿಸಿದ ಸತ್ವವೇ ಆರ್ಟಿಮಿಸಿನಿನ್. ಅವರಿಗೆ 2015ರಲ್ಲಿ ನೊಬೆಲ್.

ನೋಯಿಸಿದವೂ ಇವೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು, ಅದನ್ನು ಕುಡಿದ ಆರು ಜನರ ಲಿವರ್‌ಗೆ ಪೆಟ್ಟಾಗಿದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅವರು ಕುಡಿದದ್ದು ಅಮೃತಬಳ್ಳಿಯನ್ನು ಹೋಲುವ ಬೇರೆ ಬಳ್ಳಿ ಇರಬಹುದು ಎಂದಿತು. ಆಮೇಲೆ 13 ಕೇಂದ್ರಗಳಿಂದ 43 ರೋಗಿಗಳ ವಿವರ ಬಂತು. ಮತ್ತೆ ಅದೇ ಪ್ರಶ್ನೆ, ನೋಡಿ. ಯಾವ ಗಿಡ? ಯಾರ ಮೈಗೆ? ಎಷ್ಟು ದಿನ?

ನೀವೇ ಪತ್ತೆ ಮಾಡಿಕೊಳ್ಳಲು ಒಂದು ದಾರಿ ಇದೆ. ಭಾರತದಲ್ಲಿ ನಡೆಯುವ ಪ್ರಯೋಗಗಳನ್ನು ದಾಖಲಿಸುವ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ 2007ರಿಂದ ಇದೆ, ಯಾರು ಬೇಕಾದರೂ ನೋಡಬಹುದು. ಏನನ್ನು ಅಳೆಯುತ್ತೇವೆ ಅಂತ ಮೊದಲೇ ಬರೆದಿಡಬೇಕು. ಹಾಗಾಗಿ ಸೋತ ಪ್ರಯೋಗವನ್ನು ಮುಚ್ಚಿಡುವುದು, ಫಲ ನೋಡಿಕೊಂಡು ಅಳತೆ ಬದಲಿಸುವುದು ಅಷ್ಟು ಸುಲಭವಲ್ಲ. "ಸಂಶೋಧನೆಯಿಂದ ಸಾಬೀತಾಗಿದೆ" ಅಂತ ಡಬ್ಬಿಯ ಮೇಲೆ ಬರೆದಿದ್ದರೆ, ಯಾವ ಸಂಶೋಧನೆ ಅಂತ ಅಲ್ಲಿ ಹುಡುಕಿ.

ಎರಡು ಮಳೆಗಾಲದ ಹಿಂದೆ ಅತ್ತೆಯ ಮೊಮ್ಮಗನಿಗೆ ಕಣ್ಣು ಹಳದಿಯಾಯಿತು. ನಾನು ಹೋಗುವಷ್ಟರಲ್ಲಿ ಅತ್ತೆ ನಾಲ್ಕು ದಿನದಿಂದ ಮಜ್ಜಿಗೆಯಲ್ಲಿ ಮದ್ದು ಕೊಡುತ್ತಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ತೆಗೆದರು. ಹೆಪಟೈಟಿಸ್ ಎ ಎಂದು ಬಂತು, ರಕ್ತ ಹೆಪ್ಪುಗಟ್ಟುವ ಪರೀಕ್ಷೆಯೂ ಸರಿ ಇತ್ತು. ಡಾಕ್ಟರಮ್ಮ ಕೇಳಿದರು, "ಮನೇಲಿ ಏನಾದ್ರೂ ಮದ್ದು ಕೊಡ್ತಿದ್ದೀರಾ?" ಅತ್ತೆ ನನ್ನ ಮುಖ ನೋಡಿದರು. ಬೈಯುತ್ತಾರೆ ಎನ್ನುವ ಹೆದರಿಕೆ. "ಹೇಳಿ ಅತ್ತೆ" ಎಂದೆ. ಹೇಳಿದರು. ಡಾಕ್ಟರಮ್ಮ ಬೈಯಲಿಲ್ಲ. "ಲಿವರ್ ಸುಧಾರಿಸೋವರೆಗೆ ಯಾವ ಮದ್ದೂ ಬೇಡ ಅಮ್ಮ. ಆ ಗಿಡ ಒಂದು ಹಿಡಿ ತಂದು ತೋರಿಸ್ತೀರಾ?" ಎಂದರು.

ಮರುದಿನ ಅತ್ತೆ ಹಳೆಯ ಪೇಪರಿನಲ್ಲಿ ಸುತ್ತಿ ತಂದರು. ಡಾಕ್ಟರಮ್ಮ ಮೇಜಿನ ಮೇಲೆ ಬಿಡಿಸಿ ಹರವಿದರು. ನಾನೂ ಬಗ್ಗಿ ಎಲೆಗಳನ್ನು ಮಗುಚಿ ನೋಡಿದೆ. ಒಂಬತ್ತು ಗಿಡ ಇದ್ದವು. ಐದರ ಕಾಂಡ ಹಸಿರು. ನಾಲ್ಕರದ್ದು ಕೆಂಪು.